ಒಂಬತ್ತು ಬೆನ್ನುಗಳ ಪುಡಿ

ಬೆನ್ನುನೋವಿಗೆ ಸಂತೆಯಲ್ಲಿ ಸಿಗುವ ಪುಡಿ ತೆಗೆದುಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ. ಮದರಾಸಿನಲ್ಲಿ ಐದು ವರ್ಷ ಓದಿದರೂ ಈ ನಾಲ್ಕನ್ನು ಒಟ್ಟಿಗೆ ಕೇಳುವುದನ್ನು ಅಲ್ಲಿ ಯಾರೂ ಕಲಿಸಿರಲಿಲ್ಲ. ಮಾರ್ಕಯನ್‌ಕೋಟ್ಟೈ ಗದ್ದೆಯ ಬದುವಿನ ಮೇಲೆ, ಒಂದು ನಾಟಿಯ ಹನ್ನೊಂದು ದಿನಗಳಲ್ಲಿ, ನಾನು ಮಾಡಿದ ತಪ್ಪನ್ನು ತಿದ್ದುತ್ತ ಅವನ್ನು ಕಲಿತೆ.

ಮಲೆ ಕೊರೆದು ತಂದ ಹೊಸ ನೀರು ಕಣಿವೆಗೆ ಇಳಿದ ಮರುವರ್ಷ ಅದು. ಒಂದೇ ಬೆಳೆ ಕಂಡಿದ್ದ ಗದ್ದೆಗಳು ಎರಡನೆಯ ಬೆಳೆಗೆ ನೀರು ಕುಡಿದು ನಿಂತಿದ್ದವು. ನಾಟಿ ಮಾಡುವ ಕೈಗಳು ಮಾತ್ರ ಮೊದಲಿನಷ್ಟೇ. ಕಾಲುವೆಯ ನೀರು ಊರಿಂದೂರಿಗೆ ಸರದಿಯ ಮೇಲೆ ಬರುತ್ತಿತ್ತು; ಮಾರ್ಕಯನ್‌ಕೋಟ್ಟೈಗೆ ಆ ಸಲ ಹನ್ನೊಂದು ದಿನದ ಸರದಿ. ಅಷ್ಟರಲ್ಲಿ ನಾಟಿ ಮುಗಿಯದಿದ್ದರೆ ಉಳಿದ ಸಸಿ ಮಡಿಯಲ್ಲೇ ಬಲಿತು ದನದ ಬಾಯಿಗೆ ಹೋಗುತ್ತಿತ್ತು, ಹೆಂಗಸರ ಕೂಲಿಯ ಭತ್ತವೂ ಅದರೊಂದಿಗೆ.

ಚಿನ್ನಮನೂರಿನ ಹೊರಗಿದ್ದ ನನ್ನ ಔಷಧಶಾಲೆಗೆ ಎರಡು ಕೋಣೆ, ನಾಲ್ಕು ಮಂಚ, ಒಬ್ಬ ವಯಸ್ಸಾದ ಕಂಪೌಂಡರ್. ಸರದಿ ಶುರುವಾಗುವ ಹಿಂದಿನ ದಿನ ಒಂಬತ್ತು ಹೆಂಗಸರು ಒಟ್ಟಿಗೆ ಒಳಗೆ ಬಂದರು. ಅವರದು ಒಂದೇ ನಾಟಿಯ ಸಾಲು. ಅವರೆಲ್ಲ ಶತಮಾನಗಳ ಹಿಂದೆ ಕಣಿವೆಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆಯವರು. ಅವರ ಕನ್ನಡದಲ್ಲಿ ತಮಿಳು ಬೆರೆತಿತ್ತು: ದಿನ ‘ನಾಳು’, ಮಾತಾಡುವುದು ‘ಪೇಸೋದು’, ನೋವು ‘ವಲಿ’. ಮುಂದೆ ನಿಂತವಳಿಗೆ ನಲವತ್ತರ ಆಸುಪಾಸು. ಅಗಲ ಭುಜ, ಸಣ್ಣ ಕಣ್ಣು. ಅವಳು ಸಾಲಿನ ಮುಂದಾಳು ಎಂದು ಉಳಿದವರು ಹೇಳಿದರು. ಎಂಟು ಜನರಿಗೂ ಅವಳೇ ಮಾತಾಡಿದಳು.

“ನಡುವೇ ಇಲ್ಲ ತಾಯಿ ನಮ್ಗೆ. ಮೇಲ್ಗಡೆ ಇದ್ದಂಗೆ ಕಾಣ್ತದೆ, ಒಳ್ಗೆ ಮುರ್ದದೆ. ಹನ್ನೊಂದು ನಾಳು ಬಗ್ಗಿ ನಿಲ್ಬೇಕು. ಒಂದು ಮರುಂದು ಕೊಡು.”

ನೋವು ಎಲ್ಲಿಂದ ಎಲ್ಲಿಯವರೆಗೆ ಹರಿಯುತ್ತದೆ, ಎಷ್ಟು ಕಾಲದಿಂದ ಇದೆ ಎಂದು ನಾನು ಮೈಸೂರಿನ ಕನ್ನಡದಲ್ಲಿ ಕೇಳಿದೆ. ಸಾಲಿನ ಕೊನೆಯಲ್ಲಿದ್ದ ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಅಕ್ಕೋ, ಇವ್ಳು ಪೇಸೋದು ಓಲೆ ಓದಂಗದೆ!”

“ಸುಮ್ಕಿರು ಪುಳ್ಳೆ. ಓದ್ದವ್ಳು ಓದ್ದಂಗೇ ಪೇಸ್ತಾಳೆ,” ಎಂದು ಮುಂದಾಳು ಗದರಿದಳು. ಆಮೇಲೆ ನನ್ನ ಕೊರಳನ್ನು ನೋಡಿ, “ಗಂಡ ಎಲ್ಲವ್ನೆ ತಾಯಿ?” ಎಂದಳು. ನಾನು ತಕ್ಕಡಿಯ ಕಡೆ ತಿರುಗಿದೆ.

ಪರೀಕ್ಷಿಸಿದಾಗ ಎಂಟು ಜನರದು ದುಡಿಮೆಯ ನೋವು. ಮಾಂಸಖಂಡ ಹಗ್ಗದಂತೆ ಬಿಗಿದಿತ್ತು, ಬೇರೇನೂ ಇರಲಿಲ್ಲ. ಮುಂದಾಳಿನ ಬೆನ್ನು ಎಲ್ಲರಿಗಿಂತ ಕೆಟ್ಟಿತ್ತು. ನೆಟ್ಟಗೆ ನಿಲ್ಲು ಎಂದರೆ ಎರಡು ಸಲ ನಿಂತು ನಿಂತು ಮೇಲೇರಬೇಕಾಯಿತು. ಆದರೂ ಕಾಲಿನ ಬಲ ಸರಿಯಾಗಿತ್ತು, ಜ್ವರವಿರಲಿಲ್ಲ.

ನೋವಿಗೆ ನನ್ನ ಕಪಾಟಿನಲ್ಲಿ ಎರಡು ಬಿಳಿ ಪುಡಿಗಳಿದ್ದವು. ಒಂದು ಸ್ಯಾಲಿಸಿಲೇಟ್. ಅದರ ಪ್ರಮಾಣ ದೊಡ್ಡದು, ರುಚಿ ಓಕರಿಕೆ ತರಿಸುವ ಸಿಹಿ, ಬರಿಹೊಟ್ಟೆಗೆ ಬಿದ್ದರೆ ಉರಿ. ಇನ್ನೊಂದು ಆ್ಯಂಟಿಫೆಬ್ರಿನ್. ಕೆಲವೇ ವರ್ಷಗಳ ಹಿಂದೆ ಬಂದ ಔಷಧ. ಸಣ್ಣ ಪ್ರಮಾಣ ಸಾಕು, ನೋವು ಬೇಗ ಇಳಿಯುತ್ತದೆ. ಹೆಚ್ಚಾದರೆ ರಕ್ತವನ್ನು ಕೆಡಿಸುತ್ತದೆ ಎಂಬುದೂ ನನಗೆ ಗೊತ್ತಿತ್ತು. ನಾಟಿಯ ನಡುವೆ ಅವರು ದಿನವೂ ಔಷಧಶಾಲೆಗೆ ನಡೆದು ಬರುವುದು ಸಾಧ್ಯವಿರಲಿಲ್ಲ. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋಗಲು ಸಣ್ಣ ಪೊಟ್ಟಣವೇ ಅನುಕೂಲ ಎಂದು ನಾನು ಆ್ಯಂಟಿಫೆಬ್ರಿನ್ ಆರಿಸಿದೆ. ಒಬ್ಬೊಬ್ಬರಿಗೆ ಐದು ಪೊಟ್ಟಣ, ಪ್ರತಿಯೊಂದರಲ್ಲೂ ನಾಲ್ಕು ಗ್ರೇನ್, ಅಂದರೆ ಒಂದು ಚಿಟಿಕೆ. ದಿನಕ್ಕೊಂದು, ಮಧ್ಯಾಹ್ನದ ಗಂಜಿಯ ಮೇಲೆ. ಒಬ್ಬೊಬ್ಬರಿಂದಲೂ ಬಾಯಿಬಿಟ್ಟು ಹೇಳಿಸಿದೆ. ನಲವತ್ತೈದು ಪೊಟ್ಟಣಗಳನ್ನೂ ನಾನೇ ತೂಗಿ, ನಾನೇ ಮಡಿಸಿದೆ. ಎಲ್ಲ ಮಡಿಕೆ ಒಂದೇ ಅಳತೆಯಲ್ಲಿದ್ದವು. ಅದರ ಬಗ್ಗೆ ನನಗೆ ಸಂತೋಷವೂ ಆಗಿತ್ತು.

ಮೂರನೆಯ ದಿನ ಮಧ್ಯಾಹ್ನ ಒಂದು ಎತ್ತಿನ ಗಾಡಿ ಓಡೋಡಿ ಬಂದು ಬಾಗಿಲಲ್ಲಿ ನಿಂತಿತು. ಗಾಡಿಯ ಹುಲ್ಲಿನ ಮೇಲೆ ಮುಂದಾಳು ಮಲಗಿದ್ದಳು. ಗಾಡಿ ಹೊಡೆದು ತಂದ ಗದ್ದೆಯ ಯಜಮಾನರು ಕೆಳಗಿಳಿಯುವ ಮೊದಲೇ ಹೇಳಿದರು: “ಹಾವಿಲ್ಲ ತಾಯಿ, ನೋಡ್ಬಿಟ್ಟೆ. ಗಂಜಿ ಕುಡ್ದು ಬಗ್ಗುದ್ಳು, ಹಂಗೇ ಕೆಸ್ರಿಗೆ ಬಿದ್ಳು.”

ತುಟಿ, ಉಗುರು, ಕಿವಿಯ ಹಾಲೆ ಎಲ್ಲ ಸೀಸದ ಬಣ್ಣಕ್ಕೆ ತಿರುಗಿದ್ದವು. ಮೈ ತಣ್ಣಗೆ ಬೆವರಿತ್ತು. ನಾಡಿ ಬೇಗ, ಬೆರಳಿಗೆ ಸಿಕ್ಕೂ ಸಿಗದಷ್ಟು ಮೆತ್ತಗೆ. ಕಣ್ಣಪಾಪೆ ಸರಿಯಾಗಿತ್ತು, ಆದ್ದರಿಂದ ಅಫೀಮಲ್ಲ. ಎದೆಯ ಸದ್ದಿನಲ್ಲಿ ದೋಷ ಕೇಳಲಿಲ್ಲ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಸೋಸುವ ಕಾಗದದ ಮೇಲೆ ತೆಗೆದೆ. ಬರಿಯ ಉಸಿರಿನ ಕೊರತೆಯಾಗಿದ್ದರೆ ಆ ಹನಿ ಗಾಳಿ ತಾಗಿ ಕೆಂಪೇರಬೇಕು. ಕಿಟಕಿಯ ಬೆಳಕಿಗೆ ಹಿಡಿದು ನೂರು ಎಣಿಸಿದೆ. ಹುರಿದ ಕಾಫಿಬೀಜದ ಬಣ್ಣ ಹಾಗೆಯೇ ಉಳಿಯಿತು.

ರಕ್ತ ಕೆಟ್ಟಿತ್ತು. ಹೀಗೆ ಕೆಡಿಸುವ ಔಷಧ ನನ್ನ ಕಪಾಟಿನಲ್ಲಿ ಒಂದೇ. ಆದರೆ ನಾಲ್ಕು ಗ್ರೇನ್ ಇಷ್ಟು ಮಾಡಲಾರದು.

ಮೊದಲು ಮಾಡಬೇಕಾದ್ದನ್ನು ಮಾಡಿದೆವು. ರಬ್ಬರ್ ನಳಿಗೆ ಇಳಿಸಿ ಹೊಟ್ಟೆ ತೊಳೆದೆ. ತಲೆದಿಂಬು ತೆಗೆದು ಚಪ್ಪಟೆ ಮಲಗಿಸಿ, ಕಾಲಿಗೂ ಪಕ್ಕೆಗೂ ಬಿಸಿ ಮರಳಿನ ಚೀಲ ಇಟ್ಟೆವು. ಅಮೋನಿಯದ ಅರಕನ್ನು ನೀರಿನಲ್ಲಿ ಚಮಚ ಚಮಚವಾಗಿ, ನುಂಗುವಷ್ಟು ಪ್ರಜ್ಞೆ ಬಂದ ಮೇಲೆ ಗಟ್ಟಿ ಕಾಫಿ. ಕಂಪೌಂಡರ್ ಕಾಲುಗಂಟೆಗೊಮ್ಮೆ ನಾಡಿಯನ್ನು ಬರೆಯುತ್ತ ಹೋದರು. ಮೂರು ಹಾಳೆ ತುಂಬುವ ಹೊತ್ತಿಗೆ ಉಗುರಿನ ಬುಡದಲ್ಲಿ ಸಣ್ಣ ಕೆಂಪು ಕಂಡಿತು. ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಸಾಲು ಬದು ಮುಟ್ತಾ?”

“ನಾನು ಕೊಟ್ಟ ಪುಡಿಯನ್ನು ಎಷ್ಟು ತೆಗೆದುಕೊಂಡೆ?” ಎಂದೆ.

“ನೀ ಕೊಟ್ಟದ್ದು ನಾಳಿಗೊಂದು. ನೀ ಹೇಳ್ದಂಗೇ.”

ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು. ನಾನು ನಂಬಿದೆ. ಆಗಲೇ ಅವಳ ಸೆರಗಿನ ಗಂಟಿನಲ್ಲಿ ಬೇರೊಂದು ಕಾಗದ ಸಿಕ್ಕಿತು. ಹಳದಿ ಕಾಗದ, ಒಳಗೆ ಬಿಳಿ ಪುಡಿಯ ಉಳಿಕೆ. ಬತ್ತಲಗುಂಡಿನಿಂದ ತೇವಾರಂ ಸಂತೆಗೆ ಬರುವ ವ್ಯಾಪಾರಿ ಮಾರುವ ನೋವಿನ ಪುಡಿ ಅದು ಎಂದು ಕಂಪೌಂಡರ್ ಗುರುತಿಸಿದರು. ನನಗೆ ಉತ್ತರ ಸಿಕ್ಕಿತೆನಿಸಿತು. ಸಂತೆಯ ಪುಡಿಯಲ್ಲೂ ಆ್ಯಂಟಿಫೆಬ್ರಿನ್ ಇದೆ, ಅಳತೆಯಿಲ್ಲದೆ ಇದೆ. ನನ್ನದರ ಮೇಲೆ ಅದು ಕೂಡಿಕೊಂಡಿದೆ. ಯಜಮಾನರ ಕೈಯಲ್ಲಿ ಸಾಲಿಗೆ ಮಾತು ಕಳಿಸಿದೆ: ಸಂತೆ ಪುಡಿ ಮುಟ್ಟಬೇಡಿ, ನಾನು ಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಿ. ಈ ಮಾತನ್ನು ಈಗ ಬರೆಯುವಾಗಲೂ ಕೈ ನಿಧಾನವಾಗುತ್ತದೆ.

ಮರುದಿನ ತೇವಾರಂ ಸಂತೆ. ಮುಂದಾಳನ್ನು ಕಂಪೌಂಡರ್ ವಶಕ್ಕೆ ಬಿಟ್ಟು ಗಾಡಿ ಹತ್ತಿದೆ. ಆ ದಾರಿಯ ಕಲ್ಲುಗಳನ್ನು ಒಂದೊಂದಾಗಿ ಎಣಿಸಲು ನನ್ನದೇ ಬೆನ್ನಿಗೆ ಕಾರಣಗಳಿದ್ದವು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ವ್ಯಾಪಾರಿ ಒಣಮೆಣಸಿನ ರಾಶಿಗಳ ನಡುವೆ ಗೋಣಿ ಹಾಸಿ ಕುಳಿತಿದ್ದ. ನಾನು ಹಳದಿ ಕಾಗದ ತೋರಿಸಿದೆ.

“ವಾಂಗ ತಾಯಿ! ಸರ್ಕಾರಿ ಪುಡಿ ಕೆಲ್ಸ ಮಾಡ್ಲಿಲ್ವಾ? ನಮ್ದು ಬೇಕಾಯ್ತಾ?”

“ಇದರಲ್ಲಿ ಏನಿದೆ?”

“ಅದು ಹೇಳ್ಬುಟ್ರೆ ನಾಳೆ ನನ್ ಪಕ್ಕದಲ್ಲಿ ನೀವೇ ಗೋಣಿ ಹಾಸ್ತೀರಾ.” ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ. ಒಬ್ಬ ಹೆಂಗಸು ಸಾಯುವ ಹಂತಕ್ಕೆ ಹೋಗಿದ್ದಳು ಎಂದೆ. ಅವನ ಮುಖದ ನಗು ಇಳಿಯಿತು. ಹೆಸರು ತನಗೂ ಗೊತ್ತಿಲ್ಲ, ಮದುರೆಯಿಂದ ಡಬ್ಬಿಯಲ್ಲಿ ತರುತ್ತೇನೆ ಎಂದು ಮೂರು ಪೊಟ್ಟಣಗಳನ್ನು ತಾನಾಗಿಯೇ ನನ್ನ ಕೈಗಿಟ್ಟ. “ಪರೀಕ್ಷೆ ಮಾಡಿ ತಾಯಿ. ಕೆಟ್ಟದಾಗಿದ್ರೆ ನಾನೇ ಡಬ್ಬಿ ಹೊತ್ಕಂಡು ಬಂದು ನಿಮ್ ಮುಂದೆ ಸುರೀತೀನಿ.”

ಔಷಧಶಾಲೆಗೆ ಮರಳಿ ಬಂದೊಡನೆ ಪುಡಿಯನ್ನು ತಣ್ಣೀರಿಗೆ ಹಾಕಿದೆ. ಆ್ಯಂಟಿಫೆಬ್ರಿನ್ ಬೆರೆತಿದ್ದರೆ ತಳದಲ್ಲಿ ಉಳಿಯಬೇಕಿತ್ತು, ಇದು ಪೂರ್ತಿ ಕರಗಿತು. ಆಮೇಲೆ ರಕ್ತ ಕಡಿಮೆ ಇದ್ದವರಿಗೆ ಕೊಡುವ ಕಬ್ಬಿಣದ ಟಿಂಚರನ್ನು ಒಂದು ಹನಿ ಹಾಕಿದೆ. ಸ್ಯಾಲಿಸಿಲೇಟ್ ಇದ್ದರೆ ಬಣ್ಣ ನೇರಳೆಯಾಗುತ್ತದೆ, ಆ್ಯಂಟಿಫೆಬ್ರಿನ್‌ಗೆ ಹಾಗಾಗುವುದಿಲ್ಲ. ಗಾಜಿನ ಕೊಳವೆಯಲ್ಲಿ ನೀರು ಬದನೆಕಾಯಿಯ ಸಿಪ್ಪೆಯಂತೆ ನೇರಳೆಯಾಯಿತು. ಮೂರು ಪೊಟ್ಟಣಗಳಿಗೂ ಅದೇ. ಸೆರಗಿನಲ್ಲಿ ಸಿಕ್ಕ ಉಳಿಕೆಗೂ ಅದೇ. ವ್ಯಾಪಾರಿಯ ಪುಡಿ ಶುದ್ಧ ಸ್ಯಾಲಿಸಿಲೇಟ್ ಆಗಿತ್ತು. ಅದರಿಂದ ಹೊಟ್ಟೆ ಉರಿಯಬಹುದು, ಕಿವಿ ಗುಂಯ್‌ಗುಡಬಹುದು. ರಕ್ತ ಕಾಫಿಬೀಜದ ಬಣ್ಣಕ್ಕೆ ತಿರುಗುವುದಿಲ್ಲ.

ಹಾಗಾದರೆ ತಪ್ಪು ನನ್ನ ಪೊಟ್ಟಣದಲ್ಲಿ. ಮುಂದಾಳಿನ ಬಳಿ ಉಳಿದಿದ್ದ ಎರಡನ್ನು ಬಿಚ್ಚಿ ತೂಗಿದೆ. ನಾಲ್ಕು ಗ್ರೇನ್, ನಾಲ್ಕು ಗ್ರೇನ್. ತೂಕದ ಬಟ್ಟುಗಳನ್ನು ಯಾರಾದರೂ ಅದಲುಬದಲು ಮಾಡಿದ್ದಾರೆಯೇ ಎಂದು ಕಂಪೌಂಡರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇಪ್ಪತ್ತು ವರ್ಷದಿಂದ ಈ ತಕ್ಕಡಿ ನನ್ನ ಕೈಯಲ್ಲಿದೆ. ಅವತ್ತು ಮಾತ್ರ ತಮ್ಮ ಕೈಯಲ್ಲಿತ್ತು,” ಎಂದರು. ಅದು ನ್ಯಾಯವಾದ ಮಾತು. ನಾನು ಕ್ಷಮೆ ಕೇಳಿದೆ. ಜಿಲ್ಲೆಯ ಹಿರಿಯ ವೈದ್ಯಾಧಿಕಾರಿಗೆ ಕಳಿಸಲು ಅರ್ಧ ಬರೆದಿದ್ದ ವರದಿ ಮೇಜಿನ ಮೇಲಿತ್ತು. ಅದರಲ್ಲಿ ಸಂತೆಯ ವ್ಯಾಪಾರಿಯ ಮೇಲೆ ಎರಡು ಪ್ಯಾರಾ ಇದ್ದವು. ಹರಿದು ಹಾಕಿದೆ.

ಐದನೆಯ ದಿನ ಬೆಳಗ್ಗೆ ಮಾರ್ಕಯನ್‌ಕೋಟ್ಟೈಗೆ ಹೊರಟೆ. ಕಾರಣ ತಿಳಿಯುವ ತನಕ ಎಲ್ಲ ಪೊಟ್ಟಣಗಳನ್ನೂ ಹಿಂದಕ್ಕೆ ಪಡೆಯುವುದು ನನ್ನ ಉದ್ದೇಶ. ನಾನು ಮುಟ್ಟುವಾಗ ಸಾಲು ಇನ್ನೂ ಗದ್ದೆಯಲ್ಲಿತ್ತು. ಅವರ ಕೆಲಸವನ್ನು ಅದುವರೆಗೆ ನಾನು ನೋಡಿರಲೇ ಇಲ್ಲ.

ಎಂಟು ಹೆಂಗಸರು ಬದುವಿಗೆ ಅಡ್ಡಲಾಗಿ ಬಗ್ಗಿ ಹಿಂದೆ ಹಿಂದೆ ಸರಿಯುತ್ತಿದ್ದರು. ಬದುವಿನ ಪಕ್ಕದ ತುದಿಯಲ್ಲಿ, ಮುಂದಾಳಿನ ಜಾಗದಲ್ಲಿ, ಅವಳ ಓರಗಿತ್ತಿ ಇದ್ದಳು. ಮುಂದಾಳು ಇಲ್ಲದೆ ಸಾಲು ಕೆಸರಿಗೆ ಇಳಿಯುವುದಿಲ್ಲ. ನಾಲ್ಕನೆಯ ದಿನ ಅದು ಇಳಿದೂ ಇರಲಿಲ್ಲ; ಆ ಸಂಜೆ ಅವಳು ಮಂಚದ ಮೇಲಿಂದಲೇ ಒಂದು ಹಿಡಿ ಸಸಿ ಕೊಟ್ಟು ಈಕೆಯನ್ನು ನೇಮಿಸಿದ್ದಳು. ಆಕೆ ಹಾಡುತ್ತಿದ್ದಳು, ಆಕೆಯ ಕೈ ಓಡಿದಷ್ಟು ಎಲ್ಲರ ಕೈ ಓಡಬೇಕು. ಆಚೆ ಬದು ಮುಟ್ಟಿ ಆಕೆ ನೆಟ್ಟಗಾಗುವವರೆಗೆ ಯಾರೂ ಬೆನ್ನೆತ್ತುವಂತಿಲ್ಲ. ನಾನು ನೋಡುತ್ತಿದ್ದಂತೆ ಕೊನೆಯ ಹುಡುಗಿ ಒಂದು ಕ್ಷಣ ಸೊಂಟಕ್ಕೆ ಕೈಯಿಟ್ಟು ಎದ್ದಳು. ಕೂಡಲೇ ಕೆಸರು ಮೆತ್ತಿದ ಸಸಿಯ ಕಟ್ಟೊಂದು ಅವಳ ಬೆನ್ನಿಗೆ ಬಿತ್ತು.

“ಏ ಮಹಾರಾಣಿ! ಪಲ್ಲಕ್ಕಿ ಬೇಕಾ?”

ಹುಡುಗಿ ನಗುತ್ತ ಬಗ್ಗಿದಳು. ಸಾಲು ಬದು ಮುಟ್ಟಿತು. ಎಲ್ಲರೂ ಹುಣಸೆಮರದ ಕೆಳಗೆ ಗಂಜಿ ಕುಡಿದರು. ಅವರು ಊಟ ಮಾಡುವಾಗ ಹತ್ತಿರ ಹೋಗಿ ಮಾತಾಡಿಸುವುದು ಬೇಡವೆಂದು ನಾನು ಗಾಡಿಯ ನೆರಳಲ್ಲಿ ನಿಂತೆ. ಗಂಜಿ ಮುಗಿದ ಮೇಲೆ ಒಬ್ಬೊಬ್ಬರೂ ಸೆರಗಿನ ಗಂಟು ಬಿಚ್ಚಿದರು, ನನ್ನ ಪೊಟ್ಟಣ ತೆಗೆದರು. ಆಮೇಲೆ ಒಬ್ಬರ ಹಿಂದೊಬ್ಬರು ಎದ್ದು ಹೋಗಿ ಓರಗಿತ್ತಿಯ ಅಂಗೈಗೆ ಸುರಿದರು. ಏಳು ಜನ. ಆಕೆ ತನ್ನದನ್ನೂ ಸೇರಿಸಿ ಅಂಗೈಯನ್ನು ಬಾಯಿಯ ಹತ್ತಿರ ಒಯ್ದಳು.

“ಬೇಡ!”

ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಕೂಗಿರಲಿಲ್ಲ. ಕೂಗಿದ್ದು ಯಾರೆಂದು ಗಾಡಿಯ ಎತ್ತುಗಳೂ ತಿರುಗಿ ನೋಡಿದವು. ನಮ್ಮ ನಡುವೆ ಅರ್ಧ ನಾಟಿಯಾದ ಒಂದು ಮಡಿ ಇತ್ತು. ಬದು ಸುತ್ತುವಷ್ಟು ಹೊತ್ತಿರಲಿಲ್ಲ. ಬೂಟು ಹಾಕಿಕೊಂಡೇ ಕೆಸರಿಗೆ ಇಳಿದು, ಅವರ ಸಸಿ ತುಳಿದುಕೊಂಡು ಹೋಗಿ ಆಕೆಯ ಮಣಿಕಟ್ಟು ಹಿಡಿದೆ. ಮೂವತ್ತೆರಡು ಗ್ರೇನ್ ಪುಡಿ ಗಂಜಿಯ ಮಡಕೆಗೆ ಚೆಲ್ಲಿತು.

“ನಮ್ ನಾಟಿ!” ಎಂದು ಒಬ್ಬಳು ಕೂಗಿದಳು.

“ನಿಮ್ಮ ಅಕ್ಕ ಬಿದ್ದದ್ದು ಇದರಿಂದ,” ಎಂದೆ. “ಹಾವಲ್ಲ, ದೃಷ್ಟಿಯಲ್ಲ, ಸಂತೆ ಪುಡಿಯಲ್ಲ. ನಾನು ಕೊಟ್ಟದ್ದರಿಂದ. ಒಬ್ಬರಿಗೆ ಒಂದು ಎಂದು ಹೇಳಿದ್ದೆನಲ್ಲ?”

ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಓರಗಿತ್ತಿಯೇ ಹೇಳಿದಳು. “ಒಬ್ಬೊಬ್ಳಿಗೆ ಒಂದೊಂದು ತಕ್ಕಂಡ್ರೆ ಏನಾಗ್ತದೆ ತಾಯಿ? ಎಂಟು ಬೆನ್ನು ನೆಟ್ಗಾಗಿ ಮುಂದಾಳು ಕುಸುದ್ರೆ ಸಾಲು ನಿಂತೋಯ್ತು. ಮುಂದಾಳು ಗಟ್ಟಿ ಇದ್ರೆ ನಾವು ಹಿಂದೆ ಎಳ್ಕಂಡು ಓಗ್ಬುಡ್ತೀವಿ. ಬೆಲ್ಲ ಆದ್ರೂ ಅವ್ಳಿಗೇ, ಎಳ್ನೀರಾದ್ರೂ ಅವ್ಳಿಗೇ. ನಮ್ ಅತ್ತೆ ಕಾಲ್ದಿಂದ ಇಂಗೇನೇ.”

“ಅವಳನ್ನು ಕೇಳಿದರೆ ದಿನಕ್ಕೊಂದೇ ಎಂದಳು.”

“ಅವ್ಳ ಪೊಟ್ಣ ಒಂದೇ ಅಲ್ವಾ? ಮಿಕ್ಕಿದ್ದು ಸಾಲು ಕೊಟ್ಟದ್ದು. ಸಾಲು ಮುಂದಾಳ್ಗೆ ಕೊಟ್ಟದ್ದನ್ನ ಬದು ದಾಟಿ ಹೇಳ್ಬಾರ್ದು.”

ಅವಳು ಸುಳ್ಳು ಹೇಳಿರಲಿಲ್ಲ. ಅವರಲ್ಲಿ ಯಾರೂ ನನಗೆ ಅವಿಧೇಯರಾಗಿರಲಿಲ್ಲ. ನಾನು ಒಂಬತ್ತು ಬೆನ್ನುಗಳನ್ನು ಬೇರೆ ಬೇರೆ ತೂಗಿ ಔಷಧ ಕೊಟ್ಟಿದ್ದೆ. ಗದ್ದೆಯಲ್ಲಿ ಇದ್ದದ್ದು ಒಂದು ಸಾಲು.

ಔಷಧಶಾಲೆಗೆ ಬಂದಾಗ ಮುಂದಾಳು ಎದ್ದು ಕುಳಿತಿದ್ದಳು. ತುಟಿಯಲ್ಲಿ ಇನ್ನೂ ಸ್ವಲ್ಪ ಬೂದು ಉಳಿದಿತ್ತು. ಯಜಮಾನರು ಬಾಗಿಲ ಹೊರಗೆ ನಿಂತು, ಇವಳು ನಾಳೆ ಗದ್ದೆಗೆ ಬರುತ್ತಾಳೋ ಇಲ್ಲವೋ ಎಂದು ಕೇಳುತ್ತಿದ್ದರು. ಕಂಪೌಂಡರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಹೃದಯ ದುರ್ಬಲ ಎಂದು ಬರೆದು ಮುಗಿಸಿ. ಪುಡಿ ಕೊಡುವುದನ್ನೇ ನಿಲ್ಲಿಸಿ. ತಮಗೂ ಕ್ಷೇಮ, ಅವರಿಗೂ ಕ್ಷೇಮ.”

ಅದು ಸುಲಭವಾಗಿತ್ತು. ಆದರೆ ಸರದಿ ಇನ್ನೂ ಆರು ದಿನ ಇತ್ತು. ನಾನು ಕೊಡದಿದ್ದರೆ ಅವರು ಸಂತೆಯ ಪುಡಿಯನ್ನು ತರುತ್ತಾರೆ, ಅದನ್ನೂ ಒಬ್ಬಳ ಅಂಗೈಗೇ ಸುರಿಯುತ್ತಾರೆ. ಅಫೀಮು ಇನ್ನೂ ಹತ್ತಿರದಲ್ಲಿ ಸಿಗುತ್ತಿತ್ತು. ನಾನು ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ: ಔಷಧವನ್ನು ಆರಿಸಿದ್ದು ನಾನು, ಕಣ್ಣಿಗೆ ಕಾಣದ ಜಾಗಕ್ಕೆ ಐದು ದಿನದ ಪುಡಿ ಕಳಿಸಿದ್ದು ನಾನು. ಆ್ಯಂಟಿಫೆಬ್ರಿನ್ ಶೀಶೆಯನ್ನು ಕಪಾಟಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿದೆ. ಆಮೇಲೆ ಮುಂದಾಳಿನ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು, ಕಾಗದದ ಮೇಲಿನ ಕಂದು ಹನಿಯನ್ನು ತೋರಿಸಿದೆ. ನನ್ನ ಬೆರಳು ಚುಚ್ಚಿ ಪಕ್ಕದಲ್ಲೇ ಇನ್ನೊಂದು ಹನಿ ಇಟ್ಟೆ.

ಅವಳು ಕಂದು ಹನಿಯ ಪಕ್ಕ ಬೆರಳಿಟ್ಟಳು.

“ಇದು ನಂದಾ?”

“ನಿನ್ನದು. ಇನ್ನೊಂದು ದಿನ ಹೀಗೆಯೇ ಮಾಡಿದ್ದರೆ ನಿನ್ನನ್ನು ಉಳಿಸಲು ನನ್ನಿಂದ ಆಗುತ್ತಿರಲಿಲ್ಲ. ಪುಡಿ ಬೆನ್ನನ್ನು ಗುಣ ಮಾಡುವುದಿಲ್ಲ. ನೋವು ಕಾಣದಂತೆ ಮುಚ್ಚುತ್ತದೆ. ಮುಚ್ಚಿದ ಮೇಲೆ ನೀನು ಇನ್ನೂ ಬಗ್ಗುತ್ತೀಯೆ. ಸ್ವಲ್ಪ ಪುಡಿ, ಸ್ವಲ್ಪ ನಿಲ್ಲುವುದು, ಎರಡೂ ಬೇಕು. ಒಬ್ಬರ ಪುಡಿ ಒಬ್ಬರಿಗೇ.”

“ನಿಂತ್ರೆ ಸಾಲು ಹಾಳಾಗ್ತದೆ.”

“ಎಲ್ಲರೂ ಒಟ್ಟಿಗೆ ನಿಂತರೆ?”

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆ ನಾನು ಗಂಜಿ ಕೊಡಲು ಹೋದಾಗ ಹೇಳಿದಳು: “ನೀ ಹೇಳುದ್ರೆ ಅವ್ರು ಕೇಳಾಕಿಲ್ಲ. ತಲೆ ಆಡಿಸ್ತಾರೆ, ಸುರೀತಾರೆ. ನಾ ಹೇಳ್ಬೇಕು. ಬಗ್ಗೋಕೆ ಬಿಡ್ಬೇಡ, ಸರಿ. ಬದಿನ ಮೇಲೆ ಕುಂತ್ಕತೀನಿ. ಕುಂತ್ಕಂಡೇ ಮುಂದಾಳು.”

ನಾನು ಯೋಚಿಸಿರದ ಉಪಾಯ ಅದು. ಯೋಚಿಸಿದ್ದರೂ ಅವಳನ್ನು ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಮುಂದಾಳು ಕೂರುವುದೆಂದರೆ ಆ ಕಣಿವೆಯಲ್ಲಿ ಯಾರೂ ಕಂಡಿರದ ಸಂಗತಿ.

ಆರನೆಯ ದಿನ ಅವಳು ಹುಣಸೆಮರದ ಕೆಳಗೆ ಬದುವಿನ ಮೇಲೆ ಕುಳಿತಳು. ನಾನು ಸ್ಯಾಲಿಸಿಲೇಟನ್ನು ನೀರಿನಲ್ಲಿ ಕರಗಿಸಿ ಜಾಡಿಯಲ್ಲಿ ತಂದಿದ್ದೆ. ಒಂದು ಸಣ್ಣ ಸೌಟಿಗೆ ಹತ್ತು ಗ್ರೇನ್ ಬರುವ ಹಾಗೆ ಅಳೆದು, ಸೌಟಿನಲ್ಲಿ ಗೀರು ಹಾಕಿದ್ದೆ. ಕರಗಿಸಿದ ಪುಡಿಯನ್ನು ಇನ್ನೊಬ್ಬರ ಅಂಗೈಗೆ ಸುರಿಯಲು ಬರುವುದಿಲ್ಲ. ಗಂಜಿಯ ಮೇಲೆ ಒಂದು ಸೌಟು; ನೋವು ಉಳಿದರೆ ಸಂಜೆ ಏನಾದರೂ ತಿಂದು ಇನ್ನೊಂದು; ಮೂರು ದಿನ ಕಳೆದರೆ ಒಂದು ದಿನ ಬಿಡುವು. ಸಾಲಿನಲ್ಲಿ ಒಬ್ಬಳು ಬಸುರಿ ಎಂದು ಅವತ್ತೇ ನನಗೆ ಗೊತ್ತಾಯಿತು. ಅವಳಿಗೆ ಸೌಟು ಇಲ್ಲ, ಬಟ್ಟೆಯಲ್ಲಿ ಸುತ್ತಿದ ಬಿಸಿ ಇಟ್ಟಿಗೆ.

ಪ್ರಶ್ನೆಗಳನ್ನು ಕೇಳಬೇಕಾದವಳು ಮುಂದಾಳು. ನಾನು ಹೇಳಿಕೊಟ್ಟದ್ದು ಏಳೆಂಟು ಇದ್ದವು. ಅವಳು ಅದನ್ನು ನಾಲ್ಕಕ್ಕೆ ಇಳಿಸಿದಳು. ಹಾಡಿನ ನಡುವೆ ಕೇಳಲು ಅಷ್ಟೇ ಸಾಧ್ಯ ಎಂದಳು. ನೋವನ್ನು ಬಿಟ್ಟು ಇನ್ನೇನಾದರೂ ಇದ್ದರೆ, ಅಂದರೆ ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ, ಕಿವಿ ಗುಂಯ್‌ಗುಟ್ಟಿದರೆ, ಸೌಟು ನಿಲ್ಲಿಸಿ ನನ್ನ ಬಳಿ ಕಳಿಸಬೇಕು. ಇದು ಅವಳ ಮೂರನೆಯ ಪ್ರಶ್ನೆಯೊಳಗೆ ಸೇರಿತು.

ಒಂದು ಕಟ್ಟು ಸಸಿ ಮುಗಿದಾಗಲೆಲ್ಲ ಅವಳು ಹಾಡು ನಿಲ್ಲಿಸಿ, “ಏಳ್ರೇ!” ಎನ್ನುವಳು. ಎಂಟು ಜನವೂ ಒಟ್ಟಿಗೆ ಎದ್ದು, ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಬೇಕು. ಅವಳು ಇನ್ನೊಂದು ಸಾಲು ಹಾಡುವವರೆಗೆ ಹಾಗೇ. ಮೊದಲ ಸಲ ಯಾರೂ ಏಳಲಿಲ್ಲ. ಬೆನ್ನಿಗೆ ಸಸಿಕಟ್ಟು ಬೀಳುತ್ತದೆಂದು ಹೆದರಿ ಬಗ್ಗಿಯೇ ಇದ್ದರು. ಮುಂದಾಳು ಪಕ್ಕದಲ್ಲಿದ್ದ ಕಟ್ಟನ್ನು ಎತ್ತಿ, ಬಗ್ಗಿದ್ದ ಓರಗಿತ್ತಿಯ ಬೆನ್ನಿಗೇ ಎಸೆದಳು.

“ಏಳು ಅಂದ್ರೆ ಏಳ್ಬೇಕು! ಕಿವಿ ಎತ್ತಿಗೆ ಮಾರ್ಬುಟ್ಯಾ?”

ಎದ್ದರು. ನಗು ತಡೆಯಲಾಗದೆ ಎದ್ದರು.

ಯಜಮಾನರು ಬದುವಿನ ಮೇಲೆ ಬಂದು ನಿಂತರು. “ಇದೇನವ್ವ ಇದು? ನಾಟಿಯಾ, ನಾಟ್ಕಾನಾ? ನೀರು ನನ್ ಅಳಿಯನ್ ಮನೆದಲ್ಲ, ಹನ್ನೊಂದ್ನೇ ನಾಳು ಕಾಲ್ವೆ ಮಡೆ ಮುಚ್ಬುಡ್ತಾರೆ.”

“ನೀ ಬಗ್ಗು ಮಾಮ, ನಾ ನಿಂತ್ಕಂಡು ಕೇಳ್ತೀನಿ,” ಎಂದಳು ಮುಂದಾಳು. “ಹನ್ನೊಂದ್ನೇ ನಾಳು ಸಂಜೆ ಬಾ. ಒಂದು ಸಸಿ ಮಿಕ್ಕಿದ್ರೆ ನನ್ ಕೂಲಿ ನಿನ್ ದನಕ್ಕೆ ಹಾಕು.”

ಅವರು ಹೋಗುವಾಗ ನನ್ನ ಬೂಟಿನಿಂದ ಹಾಳಾದ ಮಡಿಯನ್ನು ಒಮ್ಮೆ ನೋಡಿದರು.

ದಿನವೂ ಮಧ್ಯಾಹ್ನ ನಾನು ಜಾಡಿ ಹಿಡಿದು ಹೋದೆ. ಏಳನೆಯ ದಿನ ಸಾಲು ಹಿಂದೆ ಬಿತ್ತು; ಎರಡು ಮಡಿ ಉಳಿದವು. ಅವತ್ತು ಸಂಜೆ ಹಿಂದಿರುಗುವಾಗ ಇಡೀ ಉಪಾಯವೇ ತಪ್ಪಾಗಿ, ಒಂಬತ್ತು ಮನೆಯ ಭತ್ತ ನನ್ನಿಂದ ಹೋಗುತ್ತದೆಯೇ ಎಂದು ಲೆಕ್ಕ ಹಾಕುತ್ತಿದ್ದೆ. ಎಂಟನೆಯ ದಿನ ಅಷ್ಟಕ್ಕೆ ಅಷ್ಟಾಯಿತು. ಒಂಬತ್ತನೆಯ ದಿನ, ಬಿಡುವಿನ ದಿನ, ಯಾರಿಗೂ ಸೌಟಿಲ್ಲದೆ ಸಾಲು ತನ್ನ ಪಾಲನ್ನು ಮುಗಿಸಿತು. ಹೊತ್ತು ಇಳಿಯುವಾಗ ಮೊದಲೆಲ್ಲ ಕೈ ಸೋಲುತ್ತಿತ್ತು, ಈಗ ಸೋಲುವುದಿಲ್ಲ ಎಂದು ಓರಗಿತ್ತಿ ತಾನಾಗಿಯೇ ಹೇಳಿದಳು. ನಾನು ದಿನಕ್ಕೊಮ್ಮೆ ಅವರ ಉಗುರು ನೋಡುತ್ತಿದ್ದೆ. ಕೆಸರಿನ ಕೆಳಗೆ ಎಲ್ಲ ಗುಲಾಬಿ.

ಹನ್ನೊಂದನೆಯ ದಿನ ಸೂರ್ಯ ಇನ್ನೂ ಮಲೆಯ ಮೇಲೆ ಒಂದಾಳು ಎತ್ತರ ಇರುವಾಗ ಕೊನೆಯ ಹಿಡಿ ಉಳಿಯಿತು. ಅದು ನಾನು ತುಳಿದಿದ್ದ ಮಡಿ. ಮುಂದಾಳು ಅದನ್ನು ಬೇಕೆಂದೇ ಕೊನೆಗೆ ಬಿಟ್ಟಿದ್ದಳೆಂದು ಕಾಣುತ್ತದೆ. ಅವಳು ಎದ್ದು, ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ನಾನು ಬಾಯಿ ತೆರೆಯುವ ಮೊದಲೇ, “ಒಂದೇ ಹಿಡಿ, ಸುಮ್ಕಿರು,” ಎಂದಳು. ನನ್ನ ಬೂಟಿನ ಗುಳಿಗಳಲ್ಲಿ ಒಂದೊಂದಾಗಿ ಸಸಿ ಊರಿ, ನೆಟ್ಟಗಾಗಿ, ಎರಡೂ ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ ಆಕಾಶ ನೋಡಿದಳು. ಒಂದೇ ಸಲಕ್ಕೆ ಎದ್ದಿದ್ದಳು. ನಡುವೆ ಎಲ್ಲಿಯೂ ನಿಂತಿರಲಿಲ್ಲ. ಅದನ್ನು ಗಮನಿಸಿದವಳು ಅಲ್ಲಿ ನಾನೊಬ್ಬಳೇ ಇರಬೇಕು. ನನ್ನ ಕಣ್ಣು ಒದ್ದೆಯಾದದ್ದನ್ನು ಯಾರೂ ಗಮನಿಸಲಿಲ್ಲ ಎಂದುಕೊಂಡಿದ್ದೇನೆ.

ಜಾಡಿ ಎತ್ತಿಕೊಳ್ಳಲು ಬಗ್ಗಿದೆ. ಆರು ದಿನದ ಗಾಡಿಯ ಓಡಾಟವೆಲ್ಲ ನನ್ನ ಸೊಂಟದ ಎಡಗಡೆ ಒಂದೇ ಕಡೆ ಸೇರಿಕೊಂಡಿತ್ತು. ಕೈ ತಾನಾಗಿ ಅಲ್ಲಿಗೆ ಹೋಯಿತು. ತಕ್ಷಣ ತೆಗೆದೆ. ತಡವಾಗಿತ್ತು.

“ನಿಲ್ಲು,” ಎಂದಳು ಮುಂದಾಳು. “ನಿಂಗೂ ನಡು ವಲಿ ಅದೆಯಾ? ಎಷ್ಟು ನಾಳಾ ಆಯ್ತು?”

“ಏನಿಲ್ಲ. ಒಂದು ಸೌಟು ಕುಡಿದರೆ ಹೋಗುತ್ತದೆ.” ಜಾಡಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ನಾನು ಸೌಟು ಅದ್ದಿದೆ.

ಅವಳು ಕೆಸರುಗೈಯಿಂದ ನನ್ನ ಮಣಿಕಟ್ಟನ್ನು ಹಿಡಿದಳು. ಓರಗಿತ್ತಿಯ ಮಣಿಕಟ್ಟನ್ನು ನಾನು ಹಿಡಿದಿದ್ದ ಹಾಗೆಯೇ. ಉಳಿದವರು ಸುತ್ತ ಸೇರಿದರು.

“ಇವತ್ತು ಎಷ್ಟ್ನೇದು?”

“ಮೊದಲನೆಯದು.”

“ಬೇರೆ ಪುಡಿ ಎಲ್ಲಾದ್ರೂ ತಕ್ಕಂಡ್ಯಾ?”

“ಇಲ್ಲ.”

“ಕಾಲು ಮರಗಟ್ಟೋದು, ಮೈ ಸುಡೋದು, ಕಿವಿ ಗುಂಯ್ ಅನ್ನೋದು?”

“ಇಲ್ಲ.”

“ಉಂಡ್ಯಾ?”

ನಾನು ಬೆಳಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟವಳು. ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ “ಕಾಫಿ” ಎಂದೆ.

ಮುಂದಾಳು ನನ್ನ ಕೈಯಿಂದ ಸೌಟನ್ನು ತೆಗೆದು, ಔಷಧವನ್ನು ಮತ್ತೆ ಜಾಡಿಗೆ ಸುರಿದು, ಮುಚ್ಚಳ ಹಾಕಿದಳು.

“ಏ ಪುಳ್ಳೆ,” ಎಂದು ಕೊನೆಯ ಹುಡುಗಿಯನ್ನು ಕರೆದಳು, “ಡಾಕ್ಟರಮ್ಮಂಗೆ ಗಂಜಿ ಉಯ್ಯಿ. ಉಂಡ ಮೇಲೆ ಕೊಡಣ.”